ಉತ್ತರಕ್ಕೆ ತಲೆ ಹಾಕುವ ಮೊಮ್ಮಗಳು

ನನ್ನ ಮೊಮ್ಮಗಳಿಗೆ ಹಡಗಿನಲ್ಲಿ ಜಾಗ ಸಿಕ್ಕಿತು! ಅಂತಿಂಥ ಹಡಗಲ್ಲ, ಭೂಮಿಯ ನೆತ್ತಿಯ ಮೇಲಿರುವ ಮಂಜುಗಡ್ಡೆಯ ಸಮುದ್ರಕ್ಕೆ ಹೋಗುವ ಹಡಗು. ನಮ್ಮ ಮನೆತನದಲ್ಲಿ ಇದುವರೆಗೆ ನೀರಿನ ಮೇಲೆ ಹೋದವಳೆಂದರೆ ನಾನೊಬ್ಬಳೇ. ಅದೂ ಹುಸೇನ್ ಸಾಗರದ ದೋಣಿಯಲ್ಲಿ, ಬುದ್ಧನ ಮೂರ್ತಿ ಹತ್ತಿರ ಬರುವಷ್ಟರಲ್ಲಿ ಹೊಟ್ಟೆ ತೊಳಸಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ. ಅಂಥ ಮನೆಯ ಹುಡುಗಿ ಈಗ ಉತ್ತರದ ಸಮುದ್ರಕ್ಕೆ ಹೊರಟಿದ್ದಾಳೆ. ಸಂತೋಷದ ಸುದ್ದಿಯನ್ನು ಮೊದಲೇ ಬರೆದುಬಿಟ್ಟೆ. ಯಾಕೆಂದರೆ ಆ ದಿನ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟಿನ ಭರದಲ್ಲಿ ಸುದ್ದಿ ಹೇಳುವುದೇ ಮರೆತುಹೋದೀತು.

ಸಿಟ್ಟು ಯಾರ ಮೇಲೆಂದರೆ, ನಮ್ಮ ಯಜಮಾನರ ಮೇಲೆ. ಅರ್ಧ ದಿನ ಮೊಮ್ಮಗಳ ಮೇಲೂ ಇತ್ತು, ಅದನ್ನೂ ಹೇಳುತ್ತೇನೆ.

ಹುಡುಗಿ ಗಚ್ಚಿಬೌಲಿಯ ಕಡೆ ಓದುತ್ತಾಳೆ. ಏನು ಓದುತ್ತಾಳೆ ಎಂದು ಓಣಿಯವರು ಕೇಳಿದಾಗ ನಾನು ಮೊದಮೊದಲು "ಐಸು" ಎಂದು ಹೇಳಿಬಿಟ್ಟೆ. ಅವರು ಐಎಎಸ್ ಎಂದು ತಿಳಿದುಕೊಂಡರು. ಅಂದಿನಿಂದ ಇಂದಿನವರೆಗೆ ಎದುರು ಮನೆಯ ತೆಲುಗಿನವರು ತರಕಾರಿ ಗಾಡಿಯ ಹತ್ತಿರ ಸಿಕ್ಕಾಗಲೆಲ್ಲ "ಪೆದ್ದಮ್ಮಾ, ಕಲೆಕ್ಟರ್ ಎಪ್ಪುಡು ಅವುತುಂದಿ?" ಎಂದು ಕೇಳುತ್ತಾರೆ. ಯಾವಾಗ ಕಲೆಕ್ಟರಾಗುತ್ತಾಳೆ ಎಂದರೆ ನಾನೇನು ಹೇಳಲಿ? ಅವಳು ಓದುವುದು ನಿಜವಾಗಿಯೂ ಐಸೇ. ನೂರಾರು ವರ್ಷಗಳ ಹಿಂದೆ ಆ ಸಮುದ್ರಕ್ಕೆ ಹೋದ ಹಡಗಿನವರು, ಇಲ್ಲಿಗೆ ಬಂದಾಗ ಮಂಜುಗಡ್ಡೆ ಅಡ್ಡ ಬಂತು, ಮುಂದೆ ದಾರಿ ಇಲ್ಲ ಎಂದು ತಮ್ಮ ನಕ್ಷೆಗಳ ಮೇಲೆ ಗೆರೆ ಎಳೆದಿಟ್ಟಿದ್ದಾರಂತೆ. ಆ ಗೆರೆ ಆಗ ಎಲ್ಲಿತ್ತು, ಈಗ ಎಷ್ಟು ಹಿಂದಕ್ಕೆ ಸರಿದಿದೆ ಎಂದು ನೋಡುವುದು ಇವಳ ಕೆಲಸ. ಹಳೆಯ ನಕ್ಷೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿ ನೋಡಿ ಕಣ್ಣು ಒಳಗೆ ಹೋಗಿವೆ. ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರಬೇಕು ಎಂಬುದೊಂದೇ ಆಸೆ. ಹಡಗಿಗೆ ಅರ್ಜಿ ಹಾಕಿದ್ದಳು, ಸಿಕ್ಕಿರಲಿಲ್ಲ. ಕಾಯುವವರ ಸಾಲಿನಲ್ಲಿ ಹೆಸರು ಇಟ್ಟಿದ್ದರು.

ಆ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕಿ ಒಳಗೆ ಬರುತ್ತಿದ್ದೆ. ಒಳಗಿನಿಂದ ಕಿರುಚಿದ ಸದ್ದು. ಹಲ್ಲಿ ಬಿತ್ತೇನೋ ಎಂದು ಓಡಿದರೆ ಹುಡುಗಿ ಫೋನು ಹಿಡಿದುಕೊಂಡು ಕುಣಿಯುತ್ತಿದ್ದಾಳೆ.

"ಆಯಿ! ಒಬ್ಬರು ಬರಂಗಿಲ್ಲ ಅಂದಾರಂತ. ಅವರ ಜಾಗಾ ನನಗ ಬಂತು!"

ನಮ್ಮ ಕಲಬುರಗಿಯ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ, ಅಜ್ಜನಿಗೆ ಮುತ್ಯಾ. ಹೈದರಾಬಾದಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಆ ಎರಡು ಮಾತು ಮಾತ್ರ ಬಿಟ್ಟಿಲ್ಲ.

"ಅಂದ್ರ ಸಿಕಂದರಾಬಾದದಾಗ ರೈಲಿನ ವೇಟಿಂಗ್ ಲಿಸ್ಟ್ ಕನ್ಫರ್ಮ್ ಆದಂಗ ಆತೇನ?" ಎಂದೆ.

"ಹಂಗ ಆತ. ಆದ್ರ ಸಂಜಿ ಐದರೊಳಗ ಹೂಂ ಅಂತ ಬರೀಬೇಕು. ಇಲ್ಲಂದ್ರ ನನ್ನ ಹಿಂದಿದ್ದವರಿಗೆ ಕೊಡ್ತಾರ."

"ಬರೀ ಮತ್ತ! ಏನ ನಿಂತಿ?"

"ಮೊದಲ ಮುತ್ಯಾನ ಕಾಲಿಗೆ ಬೀಳ್ತೀನಿ, ಆಮ್ಯಾಲೆ ಬರೀತೀನಿ" ಎಂದು ಹೊರಗಿನ ಕೋಣೆಗೆ ಓಡಿದಳು. ನಾನು ಕುಂಕುಮದ ಬಟ್ಟಲು ಹಿಡಿದು ಹಿಂದೆ ಹೋದೆ.

ನಮ್ಮವರು ಮಂಚದ ಮೇಲೆ ಕಾಲು ಇಳಿಬಿಟ್ಟು ಚಹಾ ಕುಡಿಯುತ್ತಿದ್ದರು. ಹುಡುಗಿ ಸುದ್ದಿ ಹೇಳಿ ಬಗ್ಗಿದಳು. ಬಗ್ಗಿದ ಹೊತ್ತಿಗೆ ಕಾಲುಗಳೇ ಇಲ್ಲ. ಎರಡನ್ನೂ ಮೇಲಕ್ಕೆಳೆದು, ಪದ್ಮಾಸನ ಹಾಕಿ, ಮೇಲೆ ಧೋತರ ಮುಚ್ಚಿ ಕೂತುಬಿಟ್ಟಿದ್ದರು.

"ನಾ ಹೂಂ ಅಂದಿಲ್ಲ" ಎಂದರು.

"ಏನ ಹುಡುಗಾಟಿಕಿ ಇದು? ಕಾಲ ಕೆಳಗ ಬಿಡ್ರಿ" ಎಂದೆ ನಾನು.

"ಬಿಡಂಗಿಲ್ಲ. ಉತ್ತರಕ್ಕ ತಲಿ ಹಾಕಿ ಮಲಗೂ ಊರಿಗೆ ನಮ್ಮ ಹುಡುಗಿ ಹೋಗೂದು ಬ್ಯಾಡ. ಗಣಪತಿ ಕಥಿ ಮರತ್ಯೇನು? ಉತ್ತರಕ್ಕ ತಲಿ ಹಾಕಿ ಮಲಗಿದ್ದಕ್ಕ ಆನಿ ತಲಿ ಹೋತು."

ಆ ಕಥೆಯನ್ನು ಈ ಮನೆಯಲ್ಲಿ ಮಕ್ಕಳಿಗೆಲ್ಲ ಹೇಳಿದವಳು ನಾನೇ. ಶಿವನ ಗಣಗಳು ಉತ್ತರಕ್ಕೆ ತಲೆ ಹಾಕಿ ಮಲಗಿದವರು ಯಾರಿದ್ದಾರೆಂದು ಹುಡುಕುತ್ತ ಹೋದದ್ದು, ಆನೆ ಸಿಕ್ಕಿದ್ದು, ಅದರ ತಲೆ ತಂದು ಗಣಪತಿಗೆ ಇಟ್ಟದ್ದು. ಮಕ್ಕಳು ಹಾಸಿಗೆಯನ್ನು ಸರಿಯಾಗಿ ಹಾಸಲಿ ಎಂದು ಹೇಳಿದ್ದೆ. ಎಪ್ಪತ್ತು ದಾಟಿದ ಮುದುಕರು ಅದನ್ನು ತಿರುಗಿಸಿ ನನಗೇ ಬೀಸಿ ಹೊಡೆಯುತ್ತಾರೆಂದು ಯಾರಿಗೆ ಗೊತ್ತಿತ್ತು!

"ಅಲ್ಲಿರೋ ಮಂದಿ ಎತ್ತಾಗ ತಲಿ ಹಾಕ್ತಾರ ಮತ್ತ?" ಎಂದು ಕೇಳಿದೆ.

"ಅದಕ್ಕs ನೋಡು ಅಲ್ಲಿ ಹೋದವರು ತಿರುಗಿ ಬಂದಿಲ್ಲ" ಎಂದು ಚಹಾ ಮುಗಿಸಿದರು.

ಹುಡುಗಿ ನಗಲೂ ಇಲ್ಲ, ಅಳಲೂ ಇಲ್ಲ. "ಮುತ್ಯಾ ಹೂಂ ಅನ್ನೂತನಕ ನಾ ಬರೆಯೂದಿಲ್ಲ ಆಯಿ" ಎಂದಳು. ಇವಳೂ ಅವರ ಮೊಮ್ಮಗಳೇ ಅಲ್ಲವೇ. ಒಂದು ಮನೆಗೆ ಒಬ್ಬ ಹಠಮಾರಿ ಸಾಕು, ನಮ್ಮಲ್ಲಿ ಎರಡು.

ಈ ಹುಡುಗಿ ಮುತ್ಯಾನ ಮಾತಿಗೆ ಯಾಕೆ ಹೀಗೆ ಕಟ್ಟುಬಿದ್ದಳೆಂದರೆ, ಅವಳಿಗೆ ಈ ಹುಚ್ಚು ಹಚ್ಚಿದವರೇ ಅವರು. ಬಾಲಾನಗರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, ರವಿವಾರ ಬಂದರೆ ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆ ಪುಸ್ತಕಗಳ ಸಂತೆಗೆ ಹೋಗುತ್ತಿದ್ದರು. ಓದುವುದಕ್ಕಲ್ಲ, ಚೌಕಾಸಿ ಮಾಡುವುದಕ್ಕೆ. ಒಮ್ಮೆ ಸಣ್ಣ ಮೊಮ್ಮಗಳನ್ನೂ ಕರೆದುಕೊಂಡು ಹೋಗಿ ದೊಡ್ಡದೊಂದು ಭೂಪಟದ ಪುಸ್ತಕ ತಂದರು. ತೆರೆದರೆ ಎಲ್ಲ ಹಾಳೆಗಳ ಮೇಲಿನ ಅಂಚನ್ನು ಒರಲೆ ಹುಳು ತಿಂದಿತ್ತು. ಪ್ರಪಂಚವೆಲ್ಲ ಇದೆ, ನೆತ್ತಿ ಮಾತ್ರ ಇಲ್ಲ.

"ಮುತ್ಯಾ, ಇದರ ಮ್ಯಾಲ ಏನೈತಿ?" ಎಂದು ಕೂಸು ಕೇಳಿತು.

"ಮ್ಯಾಲ ಏನೂ ಇಲ್ಲ" ಎಂದರು ಇವರು.

ಅಷ್ಟು ಸಾಕಾಯಿತು. ಏನೂ ಇಲ್ಲ ಎಂದ ಜಾಗದಲ್ಲಿ ಏನಿದೆ ಎಂದು ಹುಡುಕುತ್ತ ಹುಡುಗಿ ಕಾಲೇಜು ದಾಟಿದಳು, ಮತ್ತೊಂದು ಕಾಲೇಜು ದಾಟಿದಳು. ಬಂದ ವರಗಳು ಗೇಟಿನ ತನಕ ಬಂದು ತಿರುಗಿ ಹೋದವು. ಆಗೆಲ್ಲ ಇವರು ಮೀಸೆ ತಿರುವಿಕೊಂಡು "ನಮ್ಮ ಹುಡುಗಿ ಭೂಗೋಳದ ನೆತ್ತಿ ಓದಾಕತ್ತಾಳ" ಎಂದು ಹೇಳಿಕೊಂಡು ತಿರುಗಿದವರೇ.

ಹೆದರಿಕೆ ಹುಟ್ಟಿಸಿದವಳು ಮಾತ್ರ ಹುಡುಗಿಯೇ. ರಾತ್ರಿ ಊಟಕ್ಕೆ ಕೂತಾಗ ತಾನು ಓದಿದ್ದನ್ನೆಲ್ಲ ಹೇಳುತ್ತಿದ್ದಳು. ವಿಲಾಯತಿಯ ಕಡೆಯ ಜನಕ್ಕೆ ನಮ್ಮ ದೇಶದ ಮೆಣಸು, ಚೀನಾದ ರೇಷ್ಮೆ ಬೇಕಿತ್ತಂತೆ. ಕೆಳಗಿನಿಂದ ಸುತ್ತಿ ಬರುವುದು ದೂರವೆಂದು ಭೂಮಿಯ ನೆತ್ತಿಯ ಮೇಲಿಂದ ಒಳದಾರಿ ಹುಡುಕಿದರಂತೆ.

"ಹುಚ್ಚ ಮಂದಿ. ಒಂದು ಮುಷ್ಟಿ ಮೆಣಸಿಗೆ ನೆತ್ತಿ ಹತ್ತಿದ್ರೇನು?" ಎಂದು ಇವರು ನಗುತ್ತಿದ್ದರು. ಮುಂದಿನ ಕಥೆ ಕೇಳಿದ ಮೇಲೆ ನಗು ನಿಂತಿತು. ಹಡಗುಗಳು ಮಂಜಿನಲ್ಲಿ ಸಿಕ್ಕಿಕೊಂಡದ್ದು, ಚಳಿಗಾಲವೆಲ್ಲ ಅಲ್ಲೇ ಕತ್ತಲಲ್ಲಿ ಕೂತದ್ದು, ಉಣ್ಣಲು ಏನೂ ಉಳಿಯದೆ ಬೂಟಿನ ತೊಗಲು ಬೇಯಿಸಿ ತಿಂದದ್ದು. ಎರಡು ಹಡಗು ತುಂಬ ಹೋದವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲವಂತೆ. ಹಿರಿಯ ಕಪ್ತಾನನ ಹೆಂಡತಿ ಸುಮ್ಮನೆ ಕೂಡಲಿಲ್ಲ, ಹುಡುಕಿ ಬನ್ನಿರೆಂದು ಹಡಗಿನ ಮೇಲೆ ಹಡಗು ಕಳಿಸಿದಳಂತೆ. ಕಳೆದುಹೋದವರು ಸಿಗಲಿಲ್ಲ, ಆದರೆ ಹುಡುಕಲು ಹೋದವರು ಕಂಡ ಕಂಡ ದಂಡೆಯನ್ನೆಲ್ಲ ಬರೆದುಕೊಂಡು ಬಂದರು, ನಕ್ಷೆ ತುಂಬಿದ್ದು ಹಾಗೆ ಎಂದಳು. ಅಲ್ಲಿಯೇ ಹುಟ್ಟಿ ಬೆಳೆದ ಜನರಿದ್ದಾರಲ್ಲ, ಅವರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತಂತೆ. ಕಟ್ಟಿಗೆಯ ತುಂಡಿನ ಅಂಚಿನಲ್ಲಿ ಸಮುದ್ರದ ದಂಡೆಯನ್ನು ಕೊರೆದಿಟ್ಟುಕೊಂಡು, ಕತ್ತಲಲ್ಲಿ ಬೆರಳಿನಿಂದ ಸವರಿ ದಾರಿ ತಿಳಿಯುತ್ತಿದ್ದರಂತೆ. ಸತ್ತವರ ಸುದ್ದಿಯನ್ನೂ ಹೇಳಿದ್ದರಂತೆ. ವಿಲಾಯತಿಯ ದೊಡ್ಡ ಮನುಷ್ಯರು ನಂಬಲಿಲ್ಲ.

ಒಂದು ದಿನ, ಹಡಗು ಸಿಕ್ಕಿಕೊಳ್ಳುವುದು ಹೇಗೆ ಎಂದು ಇವರು ಕೇಳಿದ್ದಕ್ಕೆ, ಸ್ಟೀಲಿನ ಸಣ್ಣ ಬಟ್ಟಲನ್ನು ನೀರಿನ ತಟ್ಟೆಯಲ್ಲಿ ತೇಲಿಬಿಟ್ಟು ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟಳು. ಮರುದಿನ ನೋಡಿದರೆ ಬಟ್ಟಲು ಹೂತುಹೋಗಿದೆ. ಇವರು ಎಳೆದರು, ಚಮಚದಿಂದ ಹೊಡೆದರು, ಬರಲಿಲ್ಲ. ನಮ್ಮ ಫ್ರಿಜ್ಜು ಮದುವೆಯಲ್ಲಿ ಸೊಸೆಯ ತವರಿನವರು ಕೊಟ್ಟದ್ದು, ಎಷ್ಟು ಕೆರೆದರೂ ಗೋಡೆಯಂಥ ಮಂಜು ಕಟ್ಟುತ್ತದೆ. ಆ ಬಟ್ಟಲು ಅಲ್ಲೇ ಉಳಿಯಿತು. ಹಾಲು ತೆಗೆಯಲು ಹೋದಾಗಲೆಲ್ಲ ಇವರು ಮೇಲಿನ ಬಾಗಿಲು ತೆರೆದು ಅದನ್ನೊಮ್ಮೆ ನೋಡುತ್ತಿದ್ದರು. ನಾನು ಕರೆಂಟು ಸುಮ್ಮನೆ ಹೋಗುತ್ತದೆ ಎಂದು ಬೈಯುತ್ತಿದ್ದೆ. ಅವರ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಆ ದಿನಕ್ಕೆ ಬರುತ್ತೇನೆ. ಮಗ ಹಗಲು ಪಾಳಿಗೆ ಹೋಗಿದ್ದ, ಫೋನು ಮಾಡಿದೆ. "ಅವ್ವಾ, ಅಪ್ಪಗ ನೀನs ಹೇಳು. ನಾ ಹೇಳಿದ್ರ ಇನ್ನೂ ಬಿಗೀತಾರ" ಎಂದು ಫೋನು ಇಟ್ಟುಬಿಟ್ಟ. ಈ ಮನೆಯ ಗಂಡಸರ ಸಹಾಯ ಇಷ್ಟೇ. ಸೊಸೆ ಮೈಸೂರಿನ ಕಡೆಯವಳು, ಮೆತ್ತಗೆ ಮಾತಾಡುತ್ತಾಳೆ. "ಮಾವ, ಕಾಲು ನೋಯುತ್ತೆ, ಸ್ವಲ್ಪ ಇಳಿಬಿಡಿ" ಎಂದಳು.

"ನೋಯೂದಿಲ್ಲ" ಎಂದರು. ಊಟವನ್ನೂ ಮಂಚದ ಮೇಲೆಯೇ ತರಿಸಿಕೊಂಡರು. ನಡುವೆ ಒಮ್ಮೆ ಬಚ್ಚಲಿಗೆ ಹೋಗಬೇಕಾಯಿತು. ಆಗಲಾದರೂ ಹುಡುಗಿ ಓಡಿ ಹೋಗಿ ಕಾಲು ಮುಟ್ಟಲಿ ಎಂದು ನಾನು ಕಣ್ಸನ್ನೆ ಮಾಡಿದೆ. "ಕದ್ದು ಮುಟ್ಟೂದಾ? ಬ್ಯಾಡ ಆಯಿ" ಎಂದಳು. ಅವರು ಹೋದಷ್ಟೇ ಬಿರುಸಾಗಿ ಬಂದು ಮತ್ತೆ ಕಾಲು ಮಡಚಿ ಕೂತರು.

ಮಧ್ಯಾಹ್ನ ಹುಡುಗಿ ಅಡುಗೆಮನೆಯಿಂದ ಕರಬೂಜ ಹಣ್ಣು ತಂದಳು. ಬೇಸಿಗೆ ಶುರುವಾಗಿತ್ತು, ಹಿಂದಿನ ದಿನವಷ್ಟೇ ಗಾಡಿಯವನ ಹತ್ತಿರ ಮೂಸಿ ನೋಡಿ ಆರಿಸಿದ್ದೆ. ತೊಟ್ಟಿನಿಂದ ಕೆಳಗಿನವರೆಗೆ ಪಟ್ಟೆ ಪಟ್ಟೆ ಗೆರೆಗಳಿರುತ್ತವಲ್ಲ, ಅಂಥದು. ಅವರ ಮುಂದೆ ಇಟ್ಟಳು.

"ಮುತ್ಯಾ, ಇದು ಭೂಮಿ. ಈ ತೊಟ್ಟು ನೆತ್ತಿ. ತೊಟ್ಟಿನ ಮ್ಯಾಲ ಒಂದು ಇರಿವಿ ನಿಂತೈತಿ ಅಂತ ತಿಳಕೋ. ಅದಕ್ಕ ಉತ್ತರ ಎತ್ತಾಗ?"

"ಮ್ಯಾಲ."

"ಮ್ಯಾಲ ಆಕಾಶ. ಉತ್ತರ ಎಲ್ಲೈತಿ ತೋರಿಸು."

ಇವರು ಹಣ್ಣನ್ನು ಕೈಗೆತ್ತಿಕೊಂಡರು. ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ಬೆರಳಿನಿಂದ ಒಂದೊಂದೇ ಗೆರೆಯನ್ನು ಸವರುತ್ತ ಕೆಳಗಿನವರೆಗೂ ಹೋದರು.

"ಎಲ್ಲಾ ಗೆರಿ ಕೆಳಗs ಹೊಂಟಾವಲ್ಲ!"

"ಹೂಂ. ಅಲ್ಲಿ ನಿಂತು ಎತ್ತಾಗ ಹೊಳ್ಳಿದ್ರೂ ದಕ್ಷಿಣನ. ಅಲ್ಲಿ ಉತ್ತರ ಅನ್ನೂದ ಇಲ್ಲ ಮುತ್ಯಾ."

ಇವರ ಮುಖ ಅರಳಿತು. "ಹಂಗಾದ್ರ ಎತ್ತಾಗ ತಲಿ ಹಾಕಿದ್ರೂ ದಕ್ಷಿಣಕ್ಕ ತಲಿ!"

ಕಾಲೂ ದಕ್ಷಿಣಕ್ಕೇ ಹೋಗುತ್ತದಲ್ಲ, ಯಮನ ದಿಕ್ಕಿಗೆ, ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ದೇವರ ದಯೆ, ನುಂಗಿಕೊಂಡೆ. ಧೋತರದ ಕೆಳಗಿನಿಂದ ಒಂದು ಪಾದ ಮೆಲ್ಲಗೆ ಹೊರಗೆ ಬರುತ್ತಿತ್ತು, ಆಮೆಯ ತಲೆ ಬಂದ ಹಾಗೆ. ನಾನು ಕುಂಕುಮದ ಬಟ್ಟಲು ಹುಡುಕತೊಡಗಿದೆ.

"ನಿಮ್ಮ ಹಡಗು ಈ ತೊಟ್ಟಿಗೇ ಹೋಗಿ ನಿಲ್ತೈತಿ, ಹೌದಿಲ್ಲೋ?" ಎಂದು ಕೇಳಿದರು.

ಹೂಂ ಅನ್ನು, ಹೂಂ ಅನ್ನು ಎಂದು ನಾನು ಅವರ ಬೆನ್ನ ಹಿಂದೆ ನಿಂತು ತಲೆ ಅಲ್ಲಾಡಿಸಿದೆ. ಹುಡುಗಿ ನನ್ನನ್ನು ನೋಡಿದಳು, ಹಣ್ಣನ್ನು ನೋಡಿದಳು.

"ಇಲ್ಲ ಮುತ್ಯಾ. ತೊಟ್ಟಿನ ತನಕ ಹೋಗೂದಿಲ್ಲ. ಇಲ್ಲಿ, ಇಷ್ಟು ಕೆಳಗ ನಿಲ್ತೈತಿ."

"ಅಂದ್ರ ಉತ್ತರ ಉಳೀತು."

"ಉಳೀತು."

ಪಾದ ಒಳಗೆ ಹೋಯಿತು. ನನಗೆ ಆ ಕರಬೂಜವನ್ನು ಎತ್ತಿ ಇಬ್ಬರ ತಲೆಯ ಮೇಲೂ ಕುಕ್ಕಬೇಕೆನ್ನಿಸಿತು.

ಆಮೇಲೆ ನಾನೇ ಒಂದು ಉಪಾಯ ಮಾಡಿದೆ. ಹುಡುಗಿ ತನ್ನ ಕೋಣೆಯ ಗೋಡೆಗೆ ಒಂದು ಹಳೆಯ ನಕ್ಷೆಯ ಪ್ರತಿ ಅಂಟಿಸಿಕೊಂಡಿದ್ದಾಳೆ. ದುಂಡಗೆ, ಬಣ್ಣ ಬಣ್ಣದ್ದು, ಹಬ್ಬದ ದಿನ ಅಂಗಳದಲ್ಲಿ ಹಾಕಿದ ರಂಗೋಲಿಯಂತೆ ಕಾಣುತ್ತದೆ. ನಾಲ್ಕೈದು ನೂರು ವರ್ಷಗಳ ಹಿಂದಿನವರು ಭೂಮಿಯ ನೆತ್ತಿಯನ್ನು ಬರೆದದ್ದಂತೆ. ಇಷ್ಟು ಚೆಂದದ ಊರಿಗೆ ಹೋಗುತ್ತಾಳೆ ಎಂದು ತೋರಿಸಿದರೆ ಮನಸ್ಸು ಕರಗೀತು ಎಂದು ಅದನ್ನು ಬಿಡಿಸಿಕೊಂಡು ಬಂದು ಅವರ ತೊಡೆಯ ಮೇಲೆ ಹಾಸಿದೆ.

ಇವರು ಕನ್ನಡಕ ಹಾಕಿಕೊಂಡು ಬಗ್ಗಿದರು. ನಡುವೆ ಒಂದು ಕಪ್ಪು ಬೆಟ್ಟ. ಬೆಟ್ಟದ ಸುತ್ತ ನೀರು. ನೀರಿನ ಸುತ್ತ ನಾಲ್ಕು ನಡುಗಡ್ಡೆ, ಅವುಗಳ ನಡುವೆ ಒಳಕ್ಕೆ ಹರಿದು ಬರುವ ನಾಲ್ಕು ನದಿ. ಒಂದೊಂದು ನದಿಯ ಮೇಲೂ ಬೆರಳು ಓಡಿಸಿದರು. ಆಮೇಲೆ ಕೈ ಎತ್ತಿ ಮುಗಿದುಬಿಟ್ಟರು.

"ಮೇರು! ಏ, ಇದು ಮೇರು ಪರ್ವತ! ನಡುವ ಮೇರು, ಸುತ್ತ ನಾಕು ದ್ವೀಪ. ಪುರಾಣದಾಗ ಬರೂದು ಇದs!" ನನ್ನ ಕಡೆ ತಿರುಗಿದರು. "ನಮ್ಮ ಹುಡುಗಿ ಮೇರುವಿಗೆ ಹೊಂಟಾಳಂತ ನೀ ಯಾಕ ಮೊದಲs ಹೇಳ್ಲಿಲ್ಲ?"

"ನಿಮಗ ಹೇಳೂದ ಹೆಂಗ? ಮುಂಜಾನಿಂದ ಕಾಲ ಮುಚ್ಚಿಕೊಂಡು ಕುಂತೀರಿ" ಎಂದೆ. ಒಳಗೊಳಗೆ ಕುಣಿಯುತ್ತಿದ್ದೆ. ಮೇರುವಿಗೆ ಹೋಗುವವರಿಗೆ ತಲೆ ಯಾವ ಕಡೆ ಇದ್ದರೇನು? ದೇವತೆಗಳೇ ಅಲ್ಲಿ ಮಲಗಿರುತ್ತಾರೆ.

"ಖರೆ ಏನವ್ವಾ ಇದು?" ಎಂದು ಹುಡುಗಿಯನ್ನು ಕೇಳಿದರು. ಆ ದನಿಯಲ್ಲಿದ್ದ ಆಸೆ ಕೇಳಿದ್ದರೆ ಕಲ್ಲೂ ಹೂಂ ಎನ್ನುತ್ತಿತ್ತು.

ಹುಡುಗಿ ಅವರ ಪಕ್ಕದಲ್ಲಿ ಕೂತಳು. "ಅಲ್ಲ ಮುತ್ಯಾ. ಸುಳ್ಳು. ಅಲ್ಲಿ ಬೆಟ್ಟ ಇಲ್ಲ."

"ಬರದಾರಲ್ಲ?"

"ಬರದವರು ಯಾರೂ ಹೋಗಿ ನೋಡಿರಲಿಲ್ಲ. ಯಾರೋ ಒಬ್ಬರು ಹೋಗಿ ಬಂದೆ ಅಂತ ಪುಸ್ತಕ ಬರದ್ರಂತ. ಆ ಪುಸ್ತಕ ಕಳೀತು. ಅದನ್ನ ಓದಿದವರು ಇನ್ನೊಬ್ಬರಿಗೆ ಹೇಳಿದ್ರು, ಅವರು ಮತ್ತೊಬ್ಬರಿಗೆ. ದಿಕ್ಕು ತೋರಿಸೋ ಸೂಜಿ ಯಾವಾಗಲೂ ಉತ್ತರಕ್ಕ ಯಾಕ ಹೊಳ್ತೈತಿ ಅಂತ ಅವರಿಗೆ ತಿಳೀಲಿಲ್ಲ. ಅಲ್ಲೊಂದು ದೊಡ್ಡ ಸೂಜಿಗಲ್ಲಿನ ಬೆಟ್ಟ ಇರಬೇಕು ಅಂತ ಬರದುಬಿಟ್ರು. ಆಮ್ಯಾಲೆ ಬಂದವರೆಲ್ಲಾ ಇದನ್ನs ನೋಡಿ ಬರದ್ರು."

"ಹೋಗಿ ನೋಡಿದವರಿಗೆ ಏನ ಸಿಕ್ತು?"

"ನೀರು. ನೀರಿನ ಮ್ಯಾಲ ಮಂಜು. ಬೆಟ್ಟ ಇಲ್ಲಂತ ಗೊತ್ತಾದ ಮ್ಯಾಲ ಇನ್ನೊಂದು ಸುಳ್ಳು ಹುಟ್ಟಿತು. ಮಂಜಿನ ಬೇಲಿ ದಾಟಿದ್ರ ಒಳಗ ಬೆಚ್ಚಗಿನ ಸಮುದ್ರ ಐತಿ ಅಂತ. ಅದನ್ನೂ ನಕ್ಷೆದಾಗ ಬರದ್ರು. ಅದನ್ನ ನಂಬಿ ಹೋದವರ ಹಡಗು ಒಡೆದು ಹೋದವು."

"ಸತ್ರು?"

"ಹೂಂ. ಭಾಳ ಮಂದಿ ಸತ್ರು."

ಇವರು ನಕ್ಷೆಯನ್ನು ಮೆಲ್ಲಗೆ ಸುತ್ತಿ ಪಕ್ಕಕ್ಕಿಟ್ಟರು. ನಾನು ಹುಡುಗಿಯ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ನಿನಗ ಬುದ್ಧಿ ಐತೇನು? ಓದಿ ಓದಿ ಹುಚ್ಚ ಹಿಡದೈತಿ! ಹೂಂ, ಮೇರು ಅಂದಿದ್ರ ನಿನ್ನ ಗಂಟೇನ ಹೋಗ್ತಿತ್ತು? ಸಾಯೂ ವಿಷಯ ಈಗ ಹೇಳಬೇಕಿತ್ತೇನು?"

"ಆಯಿ, ಆ ಸುಳ್ಳು ಅಳಸೂದs ನನ್ನ ಕೆಲಸ" ಎಂದಳು. ಅಷ್ಟು ಹೊತ್ತು ತಡೆದುಕೊಂಡಿದ್ದ ಹುಡುಗಿಯ ಕಣ್ಣಲ್ಲಿ ನೀರು ಬಂತು. "ಅದನ್ನs ಮುತ್ಯಾಗ ಹೇಳಿ ಹಡಗು ಹತ್ತಲೇನು?"

ಸೊಸೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ಅತ್ತೆ, ಬೈಬೇಡಿ. ಆಗ್ಲೇ ನಾಲ್ಕು ಗಂಟೆ ಆಗೋಯ್ತು" ಎಂದಳು. ಅವಳ ಕಣ್ಣಲ್ಲೂ ನೀರಿತ್ತು, ಈರುಳ್ಳಿಯದೋ ಏನೋ.

ಬೆಳಿಗ್ಗೆ ಕುಣಿದ ಮನೆ ಇದೇನಾ ಎನ್ನಿಸಿತು. ಹುಡುಗಿ ಗೋಡೆಗೆ ಒರಗಿ ಫೋನನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಒಂದು ಅಕ್ಷರ ಒತ್ತಿದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಈ ಜಾಗ ಹೋದರೆ ಮತ್ತೆ ಯಾವ ಕಾಲಕ್ಕೋ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು.

ಹೊರಗಿನ ಕೋಣೆಯಿಂದ ದನಿ ಬಂತು. "ಏ ಕೂಸ, ಬಾ ಇಲ್ಲಿ."

ಮೂವರೂ ಹೋದೆವು. ಇವರು ಕರಬೂಜವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಕೂಸನ್ನು ಕೂರಿಸಿಕೊಂಡ ಹಾಗೆ.

"ನಿನಗ ಹೆದರಿಕಿ ಆಗೂದಿಲ್ಲೇನು?" ಎಂದು ಕೇಳಿದರು.

"ಆಗ್ತೈತಿ ಮುತ್ಯಾ."

"ಫ್ರಿಜ್ಜಿನಾಗಿನ ಬಟ್ಟಲಾ ಸಿಕ್ಕೊಂಡಂಗ ನಿಮ್ಮ ಹಡಗು ಸಿಕ್ಕೊಂಡ್ರ?"

ಆಗ ಹೊಳೆಯಿತು ನನಗೆ. ಆನೆಯ ತಲೆಯೂ ಅಲ್ಲ, ಉತ್ತರವೂ ಅಲ್ಲ. ಈ ಮುದುಕರು ದಿನಾ ಫ್ರಿಜ್ಜಿನ ಬಾಗಿಲು ತೆರೆದು ನೋಡುತ್ತಿದ್ದದ್ದು ಇದನ್ನೇ. ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಬೆಳಿಗ್ಗೆಯೇ ಮುಗಿಯುತ್ತಿತ್ತಲ್ಲ!

"ಈಗಿನ ಹಡಗು ಗಟ್ಟಿ ಇರ್ತಾವ. ಮಂಜು ಒಡಕೊಂತ ಹೋಗ್ತಾವ. ಎಲ್ಲಿ ಮಂಜು ಐತಿ ಅಂತ ಮ್ಯಾಲಿಂದ ನೋಡಿ ಹೇಳವ್ರು ಇರ್ತಾರ" ಎಂದಳು ಹುಡುಗಿ. ಇಷ್ಟಕ್ಕೆ ನಿಲ್ಲಿಸಬಾರದೇ? ನಿಲ್ಲಿಸಲಿಲ್ಲ. "ಆದ್ರ ಸಿಕ್ಕೊಳ್ಳೂದs ಇಲ್ಲ ಅಂತ ನಾ ಹೇಳಂಗಿಲ್ಲ."

ನಾನು ಹಣೆ ಹಣೆ ಬಡಿದುಕೊಂಡೆ.

"ತಿರುಗಿ ಬರ್ತೀಯೋ ಇಲ್ಲೋ?"

"ಬರ್ತೀನಿ."

"ಖರೆ?"

"ಖರೆ ಮುತ್ಯಾ. ಬರ್ತೀನಿ."

ಇವರು ನನ್ನ ಕಡೆ ತಿರುಗಿದರು. "ಕೇಳಿದಿ? ಮುಂಜಾನಿಂದ ಒಂದ್ ಮಾತೂ ನನ್ನ ಖುಷಿ ಮಾಡಾಕಂತ ಹೇಳ್ಲಿಲ್ಲ ಇಕಿ. ನೀ ಹಿಂದ ನಿಂತು ಗೋಣು ಹಾಕಿದ್ದು ನನಗ ಗೊತ್ತಾಗ್ಲಿಲ್ಲಂತ ತಿಳದೀ ಏನು? ಮೇರು ಕೊಡಾಕ ಹೋದ್ರೂ ಬ್ಯಾಡ ಅಂದ್ಲು. ಹಂಗಾದ್ರ ಬರ್ತೀನಿ ಅನ್ನೂದೂ ಖರೆನ ಇರಬೇಕು."

"ಹಂಗಾದ್ರ ಕಾಲ ಬಿಡ್ರಿ ಕೆಳಗ!" ಎಂದು ನಾನು ಕೂಗಿದೆ. ಗೋಡೆಯ ಗಡಿಯಾರ ನೋಡಲು ನನಗೆ ಧೈರ್ಯವಿರಲಿಲ್ಲ.

ಇವರು ಧೋತರ ಸರಿಸಿದರು. ಮುಖ ಕಿವುಚಿದರು. ಮತ್ತೆ ಪ್ರಯತ್ನಿಸಿದರು.

"ಬರವಲ್ದು" ಎಂದರು.

"ಏನ ಬರವಲ್ದು?"

"ಕಾಲ. ಜೋಮ ಹಿಡದಾವ."

ಅಷ್ಟು ಹೊತ್ತು ಮಡಚಿ ಕೂತರೆ ಹಿಡಿಯದೆ ಏನಾದೀತು! ಸೊಸೆ ಬೆನ್ನಿಗೆ ಆಸರೆಯಾಗಿ ಹಿಡಿದಳು, ನಾನು ಮೊಣಕಾಲು ಎಳೆದೆ. ಇವರು "ಅಯ್ಯೋ, ಮುಟ್ಟಬ್ಯಾಡ್ರಿ, ಸೂಜಿ ಚುಚ್ಚಿದಂಗ ಆಗ್ತೈತಿ" ಎಂದು ಕೂಗುತ್ತಿದ್ದರು. ಹುಡುಗಿ ನೆಲದ ಮೇಲೆ ಕೂತು ಎರಡೂ ಪಾದಗಳನ್ನು ತೊಡೆಯ ಮೇಲೆಳೆದುಕೊಂಡು ಅಂಗಾಲು ತಿಕ್ಕತೊಡಗಿದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಕಾಲಿಗೆ ಬೀಳುವುದು, ತಲೆ ಮುಟ್ಟಿ ಹರಸುವುದು ಯಾವುದೂ ವಿಧಿಯಂತೆ ನಡೆಯಲಿಲ್ಲ. ಜೋಮು ಬಿಡುತ್ತ ಬಂದಂತೆ ಇವರ ಕೈ ತಾನಾಗಿಯೇ ಅವಳ ನೆತ್ತಿಯ ಮೇಲೆ ಬಂತು, ಅಲ್ಲಿಯೇ ನಿಂತಿತು.

"ಮೊದಲ ಅದನ್ನ ಬರೀ. ಐದಾಗ್ತೈತಿ" ಎಂದರು ಅವರೇ, ಇಡೀ ದಿನ ತಡ ಮಾಡಿದವರು ನಾವು ಎನ್ನುವ ಹಾಗೆ.

ಹುಡುಗಿ ಒಂದು ಕೈಯಿಂದ ಪಾದ ತಿಕ್ಕುತ್ತ ಇನ್ನೊಂದು ಕೈಯಿಂದ ಫೋನು ಒತ್ತಿದಳು. ಹೋಯಿತು ಎಂದಳು. ಎಲ್ಲಿಗೆ ಹೋಯಿತು, ಹೇಗೆ ಹೋಯಿತು ನನಗೆ ತಿಳಿಯದು. ನಾನು ಕುಂಕುಮದ ಬಟ್ಟಲನ್ನು ತಂದು ಅವಳ ಹಣೆಗೆ ಹಚ್ಚಿದೆ, ಸೊಸೆಗೂ ಹಚ್ಚಿದೆ, ಸಿಟ್ಟಿನಲ್ಲಿ ಇವರ ಹಣೆಗೂ ಒಂದಿಷ್ಟು ಬಳಿದುಬಿಟ್ಟೆ. ಆಮೇಲೆ ಬಾಗಿಲಿಗೆ ಹೋಗಿ ಎದುರು ಮನೆಯವರಿಗೆ ಕೇಳುವಂತೆ ಹೇಳಿದೆ: ಕಲೆಕ್ಟರ್ ಅಲ್ಲ, ಅದಕ್ಕಿಂತ ಮೇಲೆ, ಭೂಮಿಯಲ್ಲಿ ಇನ್ನು ಮೇಲಿನದೇ ಇಲ್ಲ ಅಂಥ ಜಾಗಕ್ಕೆ ಹೋಗುತ್ತಾಳೆ ಎಂದು. ಅವರು ಏನು ತಿಳಿದುಕೊಂಡರೋ, ಓಡಿ ಬಂದು ಸಕ್ಕರೆ ಕೊಟ್ಟು ಹೋದರು.

ಮಗ ಬಸ್ಸು ಇಳಿದು ಬರುವ ಹೊತ್ತಿಗೆ ರೊಟ್ಟಿ ತಟ್ಟುತ್ತಿದ್ದೆ. ಸಿಹಿಗೆ ಹುಗ್ಗಿ ಮಾಡೋಣವೆಂದರೆ ಗೋಧಿ ನೆನೆಹಾಕಿರಲಿಲ್ಲ, ಸುದ್ದಿ ಹೇಳಿ ಕೇಳಿ ಬರುತ್ತದೆಯೇ? ಸೊಸೆ ಕರಬೂಜ ಎತ್ತಿಕೊಂಡಳು. "ಅತ್ತೆ, ಬೆಲ್ಲ, ಕಾಯಿಹಾಲು ಹಾಕಿ ರಸಾಯನ ಮಾಡ್ಬಿಡ್ಲಾ?"

"ಮಾಡು. ಆ ಭೂಮಿ ಮುಂಜಾನಿಂದ ನನ್ನ ಕಣ್ಣಾಗ ಚುಚ್ಚಾಕತ್ತೈತಿ" ಎಂದೆ. ಇವರು ಮಾತ್ರ ತೊಟ್ಟಿನ ತುಂಡನ್ನು ಕೇಳಿ ಇಸಿದುಕೊಂಡು ಜೇಬಿನಲ್ಲಿಟ್ಟುಕೊಂಡರು. ಯಾಕೆಂದು ನಾನು ಕೇಳಲಿಲ್ಲ. ಅಂಗಿ ಒಗೆಯುವವಳು ನಾನು.

ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿ ಐದೂ ಜನರ ತಾಟು ಹಾಕಿದೆ. ಬದನೆಕಾಯಿ ಪಲ್ಯ, ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಹುಡುಗಿ ಎಂದಿನಂತೆ ಪೂರ್ವಕ್ಕೆ ಮುಖ ಮಾಡಿ ಕೂಡಲು ಹೋದಳು.

"ಅಲ್ಲಿ ಬ್ಯಾಡ. ಉತ್ತರಕ್ಕ ಮಾರಿ ಮಾಡಿ ಕೂಡು" ಎಂದರು ಇವರು. "ತಲಿ ಹಾಕಬಾರ್ದು ಅಂತ ಐತಿ. ಮಾರಿ ಮಾಡಬಾರ್ದು ಅಂತ ಎಲ್ಲೂ ಇಲ್ಲ. ಇವತ್ತಿಂದs ರೂಢಿ ಆಗ್ಲಿ."

"ಅವಳು ಒಬ್ಬಳೇ ಯಾಕೆ, ಎಲ್ಲರೂ ಹಾಗೇ ಕೂತ್ಕೊಳ್ಳೋಣ" ಎಂದು ಸೊಸೆ ತಾಟುಗಳನ್ನು ತಿರುಗಿಸಿದಳು. ಮಗ "ಅಪ್ಪಾ, ಇದೇನ ಹೊಸಾದು?" ಎಂದ. ಕೇಳುತ್ತಲೇ ಅವನೂ ತಿರುಗಿ ಕೂತ. ಒಂದೇ ಸಾಲಿನಲ್ಲಿ ಐವರೂ ಉತ್ತರಕ್ಕೆ ಮುಖ ಮಾಡಿ ಕೂತೆವು. ನಮ್ಮ ಅಡುಗೆಮನೆಯ ಉತ್ತರದ ಗೋಡೆಗೆ ಏನಿದೆ? ಫ್ರಿಜ್ಜು. ಅಷ್ಟು ಜನ ತನ್ನನ್ನೇ ನೋಡುತ್ತ ಕೂತದ್ದಕ್ಕೋ ಏನೋ, ಅದು ಒಮ್ಮೆ ಮೈ ನಡುಗಿಸಿ ಗುರ್ ಎಂದಿತು.

"ಊಟಾದ ಮ್ಯಾಲ ಅದನ್ನ ಬಂದ್ ಮಾಡ್ರಿ" ಎಂದರು ಇವರು, ರಸಾಯನಕ್ಕೆ ರೊಟ್ಟಿ ಅದ್ದಿಕೊಳ್ಳುತ್ತ. "ಆ ಬಟ್ಟಲಾ ಹೊರಗ ಬರ್ಲಿ."

"ನಾ ಎಷ್ಟ ದಿನಾತು ಹೇಳಾಕತ್ತು!" ಎಂದೆ ನಾನು. ಹುಡುಗಿ ಬಾಯಿ ತುಂಬ ತುತ್ತು ಇಟ್ಟುಕೊಂಡು ನಕ್ಕಳು. ನಾನು ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ, ಬೇಡ ಎಂದರೂ ಕೇಳಲಿಲ್ಲ.